ಅಣ್ಣ ಅತ್ತ ಸಿನಿಮಾ ನನಗೆ ಹಿಡಿಸಲಿಲ್ಲ

ಪ್ರಶ್ನೆ: ನನಗೆ 29 ವರ್ಷ. ಚಿಕ್ಕವರಿದ್ದಾಗ ಅಪ್ಪ ನನ್ನನ್ನೂ ಅಣ್ಣನನ್ನೂ ಕೂರಿಸಿಕೊಂಡು ಅಂತರಿಕ್ಷ ಯುದ್ಧದ ಇಂಗ್ಲಿಷ್ ಸಿನಿಮಾ ಸರಣಿ ‘ಸ್ಟಾರ್ ವಾರ್ಸ್’ನ ಸಿಡಿ ಹಾಕುತ್ತಿದ್ದರು. 2019ರಲ್ಲಿ ಅಪ್ಪ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಒಂಬತ್ತನೆಯ, ಕೊನೆಯ ಭಾಗ ‘ದಿ ರೈಸ್ ಆಫ್ ಸ್ಕೈವಾಕರ್’ ಬಂತು. ಇಬ್ಬರೂ ಹೋಗಿದ್ದೆವು. ಅಣ್ಣ ಅತ್ತುಬಿಟ್ಟ. ನಾನು ಹೊರಗೆ ಬಂದವಳೇ ‘ಬಂಡಲ್ ಸಿನಿಮಾ’ ಅಂದೆ. ಅವತ್ತಿನಿಂದ ನಮ್ಮಿಬ್ಬರ ನಡುವೆ ಆ ಸಿನಿಮಾದ ಮಾತೇ ಇಲ್ಲ. ಈಗ ಅಣ್ಣ ತನ್ನ ಮಗನಿಗೆ ಒಂದೊಂದೇ ಭಾಗ ತೋರಿಸುತ್ತಿದ್ದಾನೆ. ಕೊನೆಯದಕ್ಕೆ ನೀನೂ ಬಾ ಎಂದು ಕರೆದಿದ್ದಾನೆ. ಚೆನ್ನಾಗಿದೆ ಅಂತ ಸುಳ್ಳು ಹೇಳಲಾ?

ಉತ್ತರ: ಬೇಡ. ಜೊತೆಯಲ್ಲಿ ಬೆಳೆದವರಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ.

ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. 2017ರ ಭಾಗದಲ್ಲಿ ನಾಯಕಿ ರೇ ಹೇಳಹೆಸರಿಲ್ಲದವರ ಮಗಳು ಎಂದಿದ್ದರು. ಅದು ನನಗೆ ತುಂಬ ಹಿಡಿಸಿತ್ತು. ಎರಡೇ ವರ್ಷಕ್ಕೆ ಮಾತು ಬದಲಾಯಿತು, ಅವಳು ದುಷ್ಟ ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳಾದಳು. ಆ ಪಾಲ್ಪಟೀನ್ 1983ರ ಭಾಗದಲ್ಲೇ ಸತ್ತವನು. ಹೇಗೆ ಬಂದ ಅಂದರೆ, ಹೇಗೋ ಬಂದ ಅನ್ನುವಷ್ಟೇ ಉತ್ತರ. 2017ರ ಭಾಗದಲ್ಲಿ ಮುಖ್ಯವಾಗಿದ್ದ ರೋಸ್ ಟಿಕೋಳನ್ನಂತೂ ಮೂಲೆಗೆ ತಳ್ಳಿಬಿಟ್ಟರು.

ಇವೆಲ್ಲಕ್ಕಿಂತ ಜಾಸ್ತಿ ನನ್ನನ್ನು ಚುಚ್ಚಿದ್ದು ಬೇರೆ. ಈ ಸಿನಿಮಾ ಯಾವ ನಷ್ಟವನ್ನೂ ಉಳಿಯಲು ಬಿಡುವುದಿಲ್ಲ. ಮೈತುಂಬ ಕೂದಲಿನ ಗೆಳೆಯ ಚ್ಯೂಬಾಕಾ ಸತ್ತ ಎಂದು ಎದೆ ಧಸಕ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೇ, ಅವನಿದ್ದದ್ದು ಬೇರೆ ಹಡಗಿನಲ್ಲಿ ಅನ್ನುತ್ತಾರೆ. ರೋಬೋ ಸಿ-3ಪಿಒ ತನ್ನ ನೆನಪು ಅಳಿಸಿಹೋಗುವ ಮುಂಚೆ ಗೆಳೆಯರ ಮುಖಗಳನ್ನು ಕೊನೆಯ ಸಲ ನೋಡಿಕೊಳ್ಳುತ್ತದೆ. ಎಷ್ಟು ಒಳ್ಳೆಯ ದೃಶ್ಯ! ಆಮೇಲೆ ಅದರ ಜೊತೆಗಾರ ರೋಬೋ ಆರ್2-ಡಿ2 ಬಂದು ಆ ನೆನಪನ್ನೂ ವಾಪಸ್ ತುಂಬಿಸಿಬಿಡುತ್ತದೆ. ಆಗಷ್ಟೇ ಅಪ್ಪನನ್ನು ಕಳೆದುಕೊಂಡವರು ನೀವು. ನಿಮ್ಮ ಮನೆಗೆ ಯಾರೂ ವಾಪಸ್ ಬಂದಿರಲಿಲ್ಲ, ಅಲ್ವಾ? ಸಿಟ್ಟು ಬರದೆ ಇರುತ್ತದೆಯೇ.

ಆದರೆ ಅಲ್ಲಿ ಒಂದು ಸಾವನ್ನು ಯಾರಿಂದಲೂ ತಿದ್ದಲು ಆಗಲಿಲ್ಲ. ಸರಣಿಯ ರಾಜಕುಮಾರಿ ಲೇಯಾಳ ಪಾತ್ರ ಮಾಡಿದ ಕ್ಯಾರಿ ಫಿಶರ್ 2016ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಹಿಂದೆ ಚಿತ್ರೀಕರಿಸಿ ಬಳಸದೆ ಉಳಿಸಿದ್ದ ತುಣುಕುಗಳನ್ನೇ ಇಟ್ಟುಕೊಂಡು, ಎದುರಿನವರ ಮಾತನ್ನು ಅದಕ್ಕೆ ಹೊಂದಿಸಿ ಬರೆದರು. ಮಾತುಕತೆ ಅಲ್ಲಲ್ಲಿ ಬಿಗಿಯಾಗಿದೆ, ನಿಜ. ಆದರೆ ಲೇಯಾ ಇನ್ನಿಲ್ಲ ಎಂದು ಕೇಳಿದ ಚ್ಯೂಬಾಕಾ ನೆಲಕ್ಕೆ ಕುಸಿದು ಗೋಳಾಡುತ್ತಾನಲ್ಲ, ಅಲ್ಲಿ ಯಾವ ಬಿಗಿಯೂ ಇಲ್ಲ.

ಅದಾದ ಮೇಲೆ ಲೇಯಾಳ ಮಗ ಬೆನ್ ಮತ್ತು ಅವನ ಅಪ್ಪ ಹ್ಯಾನ್ ಸೋಲೊ. 2015ರ ಭಾಗದಲ್ಲಿ ಅಪ್ಪನನ್ನು ಕೈಯಾರೆ ಕೊಂದ ಮಗ. ಮುರಿದು ಬಿದ್ದ ಬಾಹ್ಯಾಕಾಶ ನಿಲ್ದಾಣದ ಅವಶೇಷದ ಮೇಲೆ, ಸುತ್ತ ಸಮುದ್ರ ಮೊರೆಯುವಾಗ, ಅಪ್ಪ ನೆನಪಾಗಿ ಎದುರು ನಿಲ್ಲುತ್ತಾನೆ. ಮಗ ‘ಅಪ್ಪಾ’ ಅನ್ನುತ್ತಾನೆ. ಮುಂದೆ ಮಾತು ಬರುವುದಿಲ್ಲ. ‘ಗೊತ್ತು’ ಅನ್ನುತ್ತಾನೆ ಹ್ಯಾನ್. 1980ರ ಭಾಗದಲ್ಲಿ ಲೇಯಾ ಪ್ರೀತಿ ಹೇಳಿಕೊಂಡಾಗಲೂ ಅವನು ಅಂದದ್ದು ಅದೇ ಮಾತು.

ನಿಮ್ಮಣ್ಣ ಅತ್ತದ್ದು ಅಲ್ಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಅಪ್ಪ ತೀರಿಕೊಂಡ ವರ್ಷ ಅದು. ನಿಮ್ಮ ಸಿಟ್ಟು, ಅವರ ಅಳು ಎರಡೂ ಒಂದೇ ಮನೆಯಿಂದ ಹೊರಟಿದ್ದವು. ‘ಬಂಡಲ್’ ಅನ್ನುವ ಮಾತು ಅವರಿಗೆ ಸಿನಿಮಾದ ಮೇಲೆ ಆಡಿದ್ದಾಗಿ ಕೇಳಿಸಿರಲಿಕ್ಕಿಲ್ಲ.

ಹಿಂದಿನ ದಿನವೇ ಹೋಗಿ. ಮಗು ಮಲಗಿದ ಮೇಲೆ ಕೇಳಿ: ‘ಅಣ್ಣಾ, ಅವತ್ತು ನಿಂಗೆ ಎಲ್ಲಿ ಅಳು ಬಂತು? ನಾನು ಕೇಳಲೇ ಇಲ್ಲ.’ ಅವರು ಹೇಳಿ ಮುಗಿಸುವ ತನಕ ಬಾಯಿ ಹಾಕಬೇಡಿ. ಆಮೇಲೆ ನಿಮಗೆ ಯಾಕೆ ಸಿಟ್ಟು ಬಂತು ಅನ್ನುವುದನ್ನೂ ಹೇಳಿ, ಪಾಲ್ಪಟೀನ್ ಸಮೇತ.

ಸಿನಿಮಾ ನಡೆಯುವಾಗ ಮಾತ್ರ ಟೀಕೆ ಬೇಡ. ಮಗುವಿಗೆ ಅದು ಮೊದಲ ಸಲ. ಸಾವಿರಾರು ಹಡಗು ಒಟ್ಟಿಗೆ ಬಂದಾಗ ಕುಣಿದರೆ ಕುಣಿಯಲಿ. ಕೊನೆಯಲ್ಲಿ ಚ್ಯೂಬಾಕಾಗೆ ಒಂದು ಪದಕ ಸಿಗುತ್ತದೆ. 1977ರ ಮೊದಲ ಸಿನಿಮಾದಲ್ಲಿ ನಾಯಕ ಲೂಕ್‌ಗೂ ಹ್ಯಾನ್‌ಗೂ ಪದಕ ಹಾಕಿ ಅವನನ್ನು ಬಿಟ್ಟಿದ್ದರು, ಈಗ 42 ವರ್ಷಕ್ಕೆ ಸಿಕ್ಕಿತು. ಅದನ್ನು ಮಗುವಿಗೆ ಅತ್ತೆಯಾಗಿ ನೀವೇ ಹೇಳಿ.

ಹ್ಯಾನ್ ಸೋಲೊ ಬಂದಾಗ ಅಣ್ಣ ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದರೆ, ನೀವೂ ಎದ್ದು ಹೋಗಿ.