ಹೊಳಿ ಘಾಟ್ ಯಾರ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಹೊಳಿ ದಂಡಿ ಮ್ಯಾಲಿನವೇ ಅವ. ಭೀಮಾ ದಂಡಿ, ಕೃಷ್ಣಾ ದಂಡಿ, ಕಾರಂಜಾ ಹಿನ್ನೀರು, ಎಲ್ಲಾ ಕಡಿಂದ ಬಂದಾವ, ಮುತ್ಯಾನ ಕಾಲದಿಂದ ಹರಗೋಲು ಹಚ್ಚೋ ಜಾಗಕ್ಕ ಈಗ ಹೋಗಲಿಕ್ಕ ದಾರಿ ಇಲ್ಲ, ದಾರಿ ಇದ್ದಲ್ಲಿ ರೊಕ್ಕ ಕೇಳ್ತಾರ, ರೊಕ್ಕ ಕೇಳದೇ ಇದ್ದಲ್ಲಿ ಜಾಗಾನೇ ಹಾಳಾಗಿ ಬಿದ್ದದ, ಯಾರಿಗಿ ಹೇಳಬೇಕು ಅಂತ. ಅದಕ್ಕ ಈ ಸಲದ ಪುಟ ಪೂರಾ ಇದಕ್ಕೇ ಕೊಟ್ಟೀವಿ.

ಪ್ರಶ್ನೆ: ಸರ್, ನಾವು ಅಂಬಿಗರ ಮಂದಿ, ಮೀನ ಹಿಡದು ಹೊಟ್ಟಿ ಹೊರಕೋತೀವಿ. ಘಾಟಿಗಿ ಹೋಗೋ ದಾರಿ ಒಬ್ಬರ ಹೊಲದ ಬದುವಿಗಿ ಹತ್ತಿ ಅದ. 2020ರಾಗ ಹೊಳಿ ಬಂದಾಗ ದಂಡಿ ಕುಸಿದು ಅವರ ಹೊಲ ಒಂದಿಷ್ಟು ನೀರಿಗಿ ಹೋಯ್ತು, ಆವಾಗಿಂದ ಅವರು ದಾರಿಗಿ ಜಾಲಿಮುಳ್ಳು ಒಗದು ತಂತಿ ಬಿಗಿದಾರ. ಕೇಳಿದ್ರ ಇದು ನನ್ನ ಪಟ್ಟಾ ಜಮೀನು, ಹ್ಯಾಂಗ ಹೋಗ್ತೀರಿ ಹೋಗ್ರಿ ಅಂತಾರ. ನಾವು ಈಗ ಸುತ್ತ ಹಾಕಿ ಹೋಗಬೇಕು. ಏನ್ ಮಾಡಬೇಕು?
(ಅಫಜಲಪುರ ತಾಲೂಕು, ಹೆಸರು ಬ್ಯಾಡ ಅಂದಾರ)

ಉತ್ತರ: ತಮ್ಮಾ, ಜಗಳ ಆಮ್ಯಾಲ, ಮೊದಲು ಊರಿನ ನಕಾಶೆ ತಗೀರಿ. ಭೂದಾಖಲೆ ಇಲಾಖೆ ವೆಬ್‌ಸೈಟಿನಾಗ ಪುಕ್ಕಟ ಸಿಗ್ತದ, ನೆಟ್ ಬರದಿದ್ರ ತಾಲೂಕಿನ ಸರ್ವೆ ಆಫೀಸಿನಾಗ ನಕಲು ಕೇಳ್ರಿ. ನಕಾಶೆದಾಗ ಜೋಡಿ ಚುಕ್ಕಿ ಗೆರಿ ಇದ್ರ ಬಂಡಿದಾರಿ, ಒಂಟಿ ಚುಕ್ಕಿ ಗೆರಿ ಇದ್ರ ಕಾಲುದಾರಿ. ಮೊಬೈಲಿನಾಗ ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಬೇಲಿ ಮುಂದ ನಿಂತ್ರ ಯಾವ ಸರ್ವೆ ನಂಬರಿನಾಗ ನಿಂತೀರಿ ಅಂತ ತೋರಿಸ್ತದ, ಆದ್ರ ಅದು ಅಂದಾಜಿಗಷ್ಟೇ ನೋಡ್ರಿ, ಮೊಬೈಲ್ ಒಂದಿಷ್ಟು ಆಚಿ ಈಚಿ ತೋರಿಸ್ತದ, ಕಚೇರಿಯೊಳಗ ನಡಿಯೋದು ಸರ್ವೇಯರ್ ಹಾಕಿದ ಅಳತಿ ಮಾತ್ರ.

ನಕಾಶೆದಾಗ ದಾರಿ ಇತ್ತಂದ್ರ ನಿಮ್ಮ ಕೆಲಸ ಅರ್ಧ ಆದಂಗೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತಿ, ಓಣಿ, ದಾರಿ, ಹೊಳಿ, ಹಳ್ಳ, ಕೆರಿ ಎಲ್ಲಾ ಸರ್ಕಾರದ ಸ್ವತ್ತು. ಪಟ್ಟಾ ಅವರ ಹೆಸರಿನಾಗಿದ್ರೂ ಆ ದಾರಿ ಅವರದಾಗಂಗಿಲ್ಲ. ತಹಶೀಲ್ದಾರರಿಗಿ ಅರ್ಜಿ ಕೊಡ್ರಿ, ನಕಾಶೆ ನಕಲು ಹಚ್ಚ್ರಿ, ಬೇಲಿ ಫೋಟೋ ಹಚ್ಚ್ರಿ, ಹರಗೋಲು ಇರೋರೆಲ್ಲಾ ಸಹಿ ಮಾಡ್ರಿ, ಸ್ವೀಕೃತಿ ಸಿಕ್ಕಾ ಹಾಕಿಸ್ಕೊಳ್ದೆ ಕಚೇರಿ ಬಿಟ್ಟು ಬರಬ್ಯಾಡ್ರಿ. ಅರ್ಜಿದಾಗ ‘ದಾರಿ ಬಿಡಿಸ್ಕೊಡ್ರಿ’ ಅಂತ ಬರದು ಬಿಟ್ರ ಸಾಲದು, ಎಷ್ಟು ಅಗಲ ಬೇಕು ಅಂತ ಬರೀರಿ. ಹರಗೋಲು ಬೋರಲು ಮಾಡಿ ಬೆನ್ನಮ್ಯಾಲ ಹೊತ್ತ ಮನುಷ್ಯಾಗ ಮುಂದ ತನ್ನ ಪಾದ ಬಿಟ್ರ ಮತ್ತೇನೂ ಕಾಣಂಗಿಲ್ಲ, ಎರಡೂ ಕಡಿ ಬಿದರಿನ ಅಂಚು ಹೊರಗ ಚಾಚಿರ್ತದ, ಜಾಲಿಮುಳ್ಳು ಒಂದು ತಾಗಿದ್ರೂ ತಳದ ಪ್ಲಾಸ್ಟಿಕ್ ಹರಿತದ, ಮತ್ತ ಡಾಂಬರು ಕಾಸಿ ಬಳೀಬೇಕು, ಅವತ್ತಿನ ದುಡಿಮಿ ಹೋತು. ಕಾಲುದಾರಿ ಅಂತ ಎರಡು ಫೂಟು ಬಿಟ್ಟು ಕೈ ತೊಳ್ಕೊಂಡ್ರ ನಿಮಗ ಏನೂ ಉಪಯೋಗ ಇಲ್ಲ.

ನಕಾಶೆದಾಗ ದಾರಿ ಇಲ್ಲಂದ್ರ ಹಾದಿ ಉದ್ದ ಆಗ್ತದ. 1882ರ ಸುಖಾಧಿಕಾರ ಕಾಯ್ದೆ ಪ್ರಕಾರ 20 ವರ್ಷ ಯಾರ ಅಡ್ಡಿ ಇಲ್ಲದೆ, ಕದ್ದು ಮುಚ್ಚಿ ಅಲ್ಲದೆ, ಹಕ್ಕಿನಿಂದ ಓಡಾಡಿದ್ರ ದಾರಿ ಹಕ್ಕು ಕೇಳಬಹುದು, ಜಾಗ ಸರ್ಕಾರದ್ದಿದ್ರ 30 ವರ್ಷ. ಊರಿನ ರೂಢಿಯಿಂದ ಬಂದ ಹಕ್ಕನ್ನೂ ಆ ಕಾಯ್ದೆ ಒಪ್ತದ. ಆದ್ರ ಅದು ಸಿವಿಲ್ ಕೋರ್ಟಿನ ಮಾತು, ಸಾಕ್ಷಿ ಬೇಕು. ಹಳೇ ಮೀನುಗಾರಿಕೆ ಲೈಸೆನ್ಸು, ಸೊಸೈಟಿ ರಜಿಸ್ಟರು, ಗಂಗಾಪೂಜಿ ಮಾಡಿದಾಗಿನ ಫೋಟೋ, ಎಲ್ಲಾ ಹುಡುಕಿಡ್ರಿ. ವಯಸ್ಸಾದವರ ಮಾತು ಈಗೇ ಬರಸಿ ಇಡ್ರಿ.

ಇನ್ನೊಂದು ಮಾತು, ಸಿಟ್ಟು ಮಾಡ್ಕೋಬ್ಯಾಡ್ರಿ. ಆ ಹೊಲದವರ ಸಂಕಟಾನೂ ಖರೇ. ಹೊಳಿ ಅವರ ಜಮೀನು ತಿಂದದ, ಪಹಣಿದಾಗ ಮಾತ್ರ ಇನ್ನೂ ಅಷ್ಟೇ ಎಕರೆ ಇರ್ತದ. ಹಳೇ ದಾರಿ ನೆಟ್ಟಗ ಹೊಳ್ಯಾಗ ಬಿದ್ದಿದ್ರ ಹೊಸ ದಂಡಿಗಿ ದಾರಿ ಮಾಡಲಿಕ್ಕ ಅವರ ಜಾಗಾನೇ ಬೇಕಾಗ್ತದ, ಅದಕ್ಕ ಅವರಿಗಿ ಪರಿಹಾರ ಕೊಡಬೇಕು ಅಂತ ನೀವೇ ಗ್ರಾಮಸಭಾದಾಗ ಎದ್ದು ನಿಂತು ಹೇಳ್ರಿ. ನೀವು ಅವರ ಪರ ಒಂದು ಮಾತಾಡಿದ್ರ ಅವರು ತಂತಿ ಬಿಚ್ಚೋದು ಕೋರ್ಟ್ ಆರ್ಡರ್‌ಗಿಂತ ಜಲ್ದಿ ಆಗ್ತದ ಅನ್ನೋದು ನನ್ನ ನಂಬಿಕಿ.

ಪ್ರಶ್ನೆ: ನಮ್ಮೂರ ಘಾಟು ಪಂಚಾಯ್ತಿಯವರು ಲಿಲಾವು ಮಾಡ್ಯಾರ ಅಂತ ಹೇಳಿ ಒಬ್ಬಾತ ಕುರ್ಚಿ ಹಾಕ್ಕೊಂಡು ಕುಂತಾನ್ರಿ. ಗಾಡಿಗಿ ಅಷ್ಟು, ಮೀನ ಬುಟ್ಟಿಗಿ ಇಷ್ಟು, ಹುಣ್ಣಿವಿ ಅಮಾಸಿಗಿ ಜಳಕಕ್ಕ ಬಂದೋರ ಕಡಿಂದನೂ ವಸೂಲಿ. ಪಾವತಿ (ರಸೀದಿ) ಕೇಳಿದ್ರ ಬೈತಾನ. ಮೆಟ್ಟಿಲು ಕಿತ್ತು ಹೋಗ್ಯಾವ, ಲೈಟಿಲ್ಲ. ಇದು ಬರೋಬರ್ ಅದ ಏನ್ರಿ?
(ಯಾದಗಿರಿ ಜಿಲ್ಲಾ)

ಉತ್ತರ: ಬರೋಬರ್ ಇಲ್ಲ, ಪಾವತಿ ಕೊಡಲಾರ್ದೆ ರೊಕ್ಕ ತಗೊಳ್ಳೋದಂತೂ ಖಂಡಿತ ಇಲ್ಲ. ಸಂವಿಧಾನದ 265ನೇ ವಿಧಿ ಏನಂತದ, ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೀನೂ ಹಾಕಂಗಿಲ್ಲ, ವಸೂಲಿ ಮಾಡಂಗಿಲ್ಲ. ಪಂಚಾಯ್ತಿಗಿ ಕೆಲವು ತೆರಿಗಿ, ಫೀ ಹಾಕೋ ಅಧಿಕಾರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟದ, ಇಲ್ಲ ಅಂತಲ್ಲ, ಆದ್ರ ಕಾಯ್ದೆದಾಗ ಇರೋದಕ್ಕ ಮಾತ್ರ ಹಾಕಬೇಕು, ಸಭಾದಾಗ ಠರಾವು ಆಗಬೇಕು, ದರ ಎಲ್ಲರಿಗೂ ಕಾಣಾಂಗ ಬೋರ್ಡ್ ಮ್ಯಾಲ ಬರೀಬೇಕು.

ನೀವು ಆ ಕುರ್ಚಿ ಮ್ಯಾಲಿನ ಮನುಷ್ಯಾನ ಜೋಡಿ ವಾದ ಹಾಕಬ್ಯಾಡ್ರಿ, ಅವ ಲಿಲಾವಿನ್ಯಾಗ ರೊಕ್ಕ ಕಟ್ಟಿ ಬಂದಿರ್ತಾನ, ಅದನ್ನ ತಗೀಲಿಕ್ಕ ನೋಡ್ತಾನ. ಪಂಚಾಯ್ತಿಗಿ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ರಿ. ಫೀ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರ ಅದೂ ಬ್ಯಾಡ, ನಮ್ಮ ರಾಜ್ಯದಾಗ ಒಂದು ಅರ್ಜಿಗಿ ಒಂದೇ ವಿಷಯ, 150 ಶಬ್ದದೊಳಗ ಬರೀಬೇಕು, ಇದು ನೆನಪಿಡ್ರಿ ಇಲ್ಲಾಂದ್ರ ಅದೇ ನೆಪ ಮಾಡಿ ವಾಪಸ್ ಕಳಸ್ತಾರ. ಕೇಳೋದು ಇಷ್ಟು: ಘಾಟ್ ಫೀ ಠರಾವಿನ ನಕಲು, ಲಿಲಾವು ಆದೇಶದ ನಕಲು, ದರ ಪಟ್ಟಿ, ಬಂದ ರೊಕ್ಕ ಘಾಟಿಗಿ ಎಷ್ಟು ಖರ್ಚಾತು. 30 ದಿನದಾಗ ಉತ್ತರ ಬರಬೇಕು, ಬರಲಿಲ್ಲಂದ್ರ ಮೊದಲನೇ ಅಪೀಲು ಹಾಕ್ರಿ. ಠರಾವೇ ಇಲ್ಲ ಅಂತ ಉತ್ತರ ಬಂದ್ರ ಆ ಹಾಳಿ ತಗೊಂಡು ತಾಲೂಕ್ ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ (ಇಓ) ಸಾಹೇಬ್ರ ಮುಂದ ಇಡ್ರಿ.

ಇಲ್ಲಿ ನನ್ನ ಅಭಿಪ್ರಾಯ ನಿಚ್ಚಳ ಅದ. ಗಾಡಿ ನಿಲ್ಲಿಸ್ಲಿಕ್ಕ ನೆಳ್ಳು ಮಾಡಿ ಕೊಟ್ಟಾರ, ರೊಕ್ಕ ತಗೋಳ್ಳಿ. ಸಂಡಾಸು ಕಟ್ಟಿ ಸ್ವಚ್ಛ ಇಟ್ಟಾರ, ತಗೋಳ್ಳಿ. ನೀರಿಗಿ ಇಳಿಯೋ ಮನುಷ್ಯಾನ ಕಾಲಿಗಿ, ಅಂವ ತಲಿ ಮ್ಯಾಲ ಹೊತ್ತು ತಂದ ಬುಟ್ಟಿಗಿ ರೊಕ್ಕ ಹಾಕಬಾರದು. ಗಾಣಗಾಪುರ ಸಂಗಮಕ್ಕ, ತಿಂಥಣಿಗಿ ಎಷ್ಟೆಷ್ಟು ದೂರದಿಂದ ಬಡವರು ಬರ್ತಾರ, ಹೊಳ್ಯಾಗ ಒಂದು ಮುಣುಗು ಹಾಕಲಿಕ್ಕ ಕಿಸೆ ನೋಡ್ಕೊಂಡು ಬರೋ ಹಾಂಗ ಆಗಬಾರದು.

ಪ್ರಶ್ನೆ: ಕಾರಂಜಾ ಹಿನ್ನೀರಿನ್ಯಾಗ ನಮ್ಮ ಸಂಘದವರು ಲೈಸೆನ್ಸ್ ತಗೊಂಡು ಮೀನ ಹಿಡಿತೀವಿ. ಹೊರಗಿನವರು ಬಂದು ಬಲಿ ಹಾಕ್ತಾರ, ಅದಕ್ಕ ನಾವು ದಂಡಿಗಿ ಬರೋ ದಾರಿಗಿ ಗೇಟ್ ಹಾಕಿ ಕೀಲಿ ಇಟ್ಟೀವಿ. ಈಗ ದನಗಾರರು ಗಲಾಟಿ ಮಾಡ್ಯಾರ. ನಮ್ಮ ಹಕ್ಕು ಅಲ್ಲೇನು?
(ಭಾಲ್ಕಿ ತಾಲೂಕು)

ಉತ್ತರ: ಗೇಟು ತಗೀರಿ ಅಣ್ಣಾವ್ರ, ಇವತ್ತೇ. ಲೈಸೆನ್ಸು ಕೊಟ್ಟಿದ್ದು ಮೀನಿಗಿ, ದಂಡಿಗಲ್ಲ. ಡ್ಯಾಮಿನ ನೀರು, ಮುಳುಗಡಿ ಜಮೀನು ನೀರಾವರಿಯವರ ಕೈಯಾಗ, ಮೀನು ಮೀನುಗಾರಿಕೆ ಇಲಾಖೆ ಕೈಯಾಗ, ಬರೋ ದಾರಿ ಪಂಚಾಯ್ತಿದೋ ಕಂದಾಯದ್ದೋ. ಮೂರು ಮಂದಿಗಿ ಹಂಚಿ ಹೋದ ಜಾಗಕ್ಕ ನೀವು ಕೀಲಿ ಹಾಕಿದ್ರ ನಾಳೆ ಅವರೆಲ್ಲಾ ಸೇರಿ ನಿಮ್ಮ ಮ್ಯಾಲೇ ಕೇಸ್ ಮಾಡ್ತಾರ. ಬ್ಯಾಸಿಗ್ಯಾಗ ನೀರು ಹಿಂದ ಸರದಾಗ ದನಕ್ಕ ಅದೊಂದೇ ಆಸರಾ. ಲೈಸೆನ್ಸ್ ಇಲ್ಲದೆ ಬಲಿ ಹಾಕೋರ ಮ್ಯಾಲ ತಾಲೂಕು ಮೀನುಗಾರಿಕೆ ಸಹಾಯಕ ನಿರ್ದೇಶಕರಿಗಿ ಬರದು ಕೊಡ್ರಿ, 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಅದಕ್ಕೇ ಅದ. ನಿಮ್ಮ ಹರಗೋಲಿಗೆಲ್ಲಾ ನಂಬರ್ ಬರಸ್ರಿ, ನಂಬರ್ ಇಲ್ಲದ್ದು ಕಂಡ್ರ ಹೊರಗಿನದು ಅಂತ ದನಗಾರರೇ ನಿಮಗ ಫೋನ್ ಮಾಡಿ ಹೇಳ್ತಾರ. ಅವರನ್ನ ವಿರೋಧ ಕಟ್ಕೋಬ್ಯಾಡ್ರಿ, ದಿನಾ ದಂಡಿ ಮ್ಯಾಲ ಇರೋರು ಅವರೇ.

ಪ್ರಶ್ನೆ: ಜಾತ್ರಿಗಿ ಮಂದಿ ದಾಟಿಸ್ಲಿಕ್ಕ ಇಂಜಿನ್ ಬೋಟ್ ತರಬೇಕಂತ ಕಮಿಟಿಯವರು ಮಾಡ್ಯಾರ. ಏನು ಕಾಗದ ಬೇಕು?
(ಶಹಾಪುರ)

ಉತ್ತರ: 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಇಂಜಿನ್ ಬೋಟಿಗಿ ನೋಂದಣಿ ಬೇಕು, ತಪಾಸಣಿ ಸರ್ಟಿಫಿಕೇಟ್ ಬೇಕು, ವಿಮಾ ಬೇಕು, ನಡಸೋರಿಗಿ ಅರ್ಹತಾ ಪತ್ರ ಬೇಕು. ಇಂಜಿನ್ ಇಲ್ಲದ ದೋಣಿ ಸ್ಥಳೀಯ ಸಂಸ್ಥೆಯೊಳಗ ಹೆಸರು ಹಚ್ಚಬೇಕು. ಇವು ಇಲ್ಲದೆ ಬಾಡಿಗಿ ಬೋಟ್ ತಂದ್ರ ಕಮಿಟಿಯವರೇ ಸಿಗಬೀಳ್ತೀರಿ. ತಹಶೀಲ್ದಾರ್, ಪೊಲೀಸ್, ಅಗ್ನಿಶಾಮಕದವರಿಗಿ ಮೊದಲೇ ಬರದು ತಿಳಸ್ರಿ.

ಕಾಗದಕ್ಕಿಂತ ಮುಖ್ಯ ಇನ್ನೊಂದು ಅದ. 2019ರ ಜನವರಿದಾಗ ಕಾರವಾರದ ಕೂರ್ಮಗಡ ಜಾತ್ರಿ ಮುಗಿಸ್ಕೊಂಡು ಬರೋ ದೋಣಿ ಸಮುದ್ರದಾಗ ಮುಳುಗಿ 16 ಮಂದಿ ಸತ್ತರು. ತುಂಬಾ ಮಂದಿ ಹತ್ತಿದ್ರು ಆ ದೋಣಿ. 2024ರ ಜನವರಿದಾಗ ಗುಜರಾತಿನ ವಡೋದರಾದ ಹರ್ಣಿ ಕೆರಿದಾಗ ಸಾಲಿ ಪ್ರವಾಸಕ್ಕ ಬಂದ 12 ಮಕ್ಕಳು, ಇಬ್ಬರು ಟೀಚರ್ ಹೋದರು, ಬಹಳಷ್ಟು ಮಕ್ಕಳ ಮೈಮ್ಯಾಲ ಲೈಫ್ ಜಾಕೆಟ್ ಇರಲಿಲ್ಲ. ಅದು ನಗರಪಾಲಿಕೆ ಕೆರಿ, ಬೋಟು ಗುತ್ತಿಗಿಗಿ ಕೊಟ್ಟಿದ್ರು. ನಮ್ಮ ಜಾತ್ರಿದಾಗ ಆಗೋದು ಇದೇ, ಹೋಗೋವಾಗ ಸಾವಕಾಶ ಹೋಗ್ತಾರ, ತಿರುಗಿ ಬರೋವಾಗ ಕತ್ತಲ ಆತಂತ ಎಲ್ಲಾರೂ ಒಮ್ಮೆಲೆ ಹತ್ತತಾರ. ಘಾಟಿನ ಮ್ಯಾಲ ಎಣಿಸಿ ಹತ್ತಿಸ್ಲಿಕ್ಕ ಒಬ್ಬ ಗಟ್ಟಿ ಮನುಷ್ಯಾನ ನಿಲ್ಲಿಸ್ರಿ, ಗೌಡ್ರು ಬರಲಿ ಸಾಹುಕಾರ್ರು ಬರಲಿ, ಲೆಕ್ಕ ಮುಗೀತು ಅಂದ್ರ ಮುಗೀತು. ಜಾಕೆಟ್ ಬೋಟಿನ ಮೂಲ್ಯಾಗ ಒಟ್ಟಿ ಇಟ್ರ ಇದ್ದಂಗಲ್ಲ, ಮೈಮ್ಯಾಲ ಇರಬೇಕು. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾರ ಅಂತ ಸುದ್ದಿ ಬಂದ್ರ ಜಾತ್ರಿ ಇರಲಿ ಏನೇ ಇರಲಿ ಬೋಟ್ ಬಂದ್.

ಪ್ರಶ್ನೆ: ನಾನು ಸೀಸನ್ನಿನ್ಯಾಗ ಮಲ್ಪೆಗಿ ಬೋಟಿನ ಕೆಲಸಕ್ಕ ಹೋಗ್ತೀನಿ, ಜೂನ್ ಜುಲೈ ಬಂದ್ ಇದ್ದಾಗ ಊರಿಗಿ ಬರ್ತೀನಿ. ಅಲ್ಲಿ ಬಂದರಿನ್ಯಾಗ ಹರಾಜು ಕಟ್ಟಿ, ಐಸು, ಎಲ್ಲಾ ವ್ಯವಸ್ಥಾ ಅದ. ನಮ್ಮ ಘಾಟಿನ್ಯಾಗ ಯಾಕಿಲ್ಲ?
(ಸುರಪುರ ಕಡಿಯ ಯುವಕ)

ಉತ್ತರ: ಕಡಲ ದಂಡಿಗಿ ಬಂದರು ಇಲಾಖೆ ಅದ, 2015ರ ಮ್ಯಾರಿಟೈಮ್ ಬೋರ್ಡ್ ಕಾಯ್ದೆ ಅದ, ಮೀನುಗಾರಿಕೆ ಇಲಾಖೆ ಕಟ್ಟಿಸಿದ ಬಂದರು ಅವ, ಮ್ಯಾಲ ಗಟ್ಟಿ ಸಂಘಗಳವ. ನಮ್ಮ ಹೊಳಿ ಘಾಟಿಗಿ ಒಂದು ಹೆಸರು ಕೂಡ ಕಾಗದದ ಮ್ಯಾಲ ಇರಂಗಿಲ್ಲ, ಅದೇ ಮೂಲ ತೊಂದ್ರಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆದಾಗ ದೇಶದ 111 ಜಲಮಾರ್ಗದೊಳಗ ಭೀಮಾ ನದೀನೂ ಅದ, ಆದ್ರ ಆ ಪಟ್ಟಿಯಿಂದ ನಮ್ಮ ಹರಗೋಲು ಹಚ್ಚೋ ಜಾಗಕ್ಕ ಒಂದು ಮೆಟ್ಟಿಲು ಬಂದಿಲ್ಲ.

ಆದ್ರ ತಮ್ಮಾ, ನೀ ಅಲ್ಲಿ ಕಣ್ಣಾರೆ ನೋಡಿರ್ತಿ, ಬಂದರಿಗಿ ಹಿಡಿಯೋದಕ್ಕಿಂತ ಹೆಚ್ಚು ಬೋಟ್ ಆಗಿ ನಿಲ್ಲಿಸ್ಲಿಕ್ಕ ಜಾಗಿಲ್ಲ, ಅಳಿವೆದಾಗ ಹೂಳು ತುಂಬತದ, ದೊಡ್ಡ ಬೋಟಿನವರು ಕಟ್ಟಿ ಹಿಡದ್ರ ಸಣ್ಣ ನಾಡದೋಣಿಯವರು ಮರಳ ದಂಡಿಗಿ ಹಚ್ಚಬೇಕು. ಅಲ್ಲಿಂದ ಕಲಿಯೋದು ಕಲಿ, ಅದನ್ನ ಮಾತ್ರ ಇಲ್ಲಿ ತರಬ್ಯಾಡ. ನಮ್ಮಲ್ಲಿ ಸಂಘ ಮಾಡಿ ನಿಯಮ ಬರೀವಾಗ ಮೊದಲನೇ ಸಾಲಿನ್ಯಾಗೇ ಬರೀರಿ, ಒಂದೇ ಹರಗೋಲು ಇದ್ದವನಿಗಿ ಘಾಟಿನ್ಯಾಗ ಜಾಗ ಖಾಯಂ ಅಂತ. ರೊಕ್ಕ ಇದ್ದವರು ನಾಳೆ ಇಂಜಿನ್ ಬೋಟ್ ತಂದ್ರೂ ಅದು ಬದಲಾಗಬಾರದು.

ಪ್ರಶ್ನೆ: ನಾವು ಹೆಣ್ಮಕ್ಕಳು ಘಾಟಿನ ಮ್ಯಾಲ ಮೀನ ತಗೊಂಡು ಕಲಬುರಗಿಗಿ ಒಯ್ದು ಮಾರ್ತೀವಿ. ನೆಳ್ಳಿಲ್ಲ, ಸಂಡಾಸಿಲ್ಲ, ಬ್ಯಾಸಿಗ್ಯಾಗ ಬುಟ್ಟಿದಾಗೇ ಮೀನ ಕೆಡ್ತಾವ. ಯಾರಿಗಿ ಕೇಳ್ಬೇಕ್ರಿ?

ಉತ್ತರ: ಅವ್ವಾ, ಕೇಳಬೇಕಾದವರು ಬಹಳ ಮಂದಿ ಅದಾರ, ಅದಕ್ಕೇ ಯಾರೂ ಮಾಡಂಗಿಲ್ಲ. ಎರಡು ಕಡಿ ಕೇಳ್ರಿ. ಮೊದಲು ಮೀನುಗಾರಿಕೆ ಆಫೀಸು. 2020ರಾಗ ಶುರುವಾದ ಮತ್ಸ್ಯ ಸಂಪದಾ ಯೋಜನಾದಾಗ ಐಸ್ ಬಾಕ್ಸ್, ಐಸ್ ಬಾಕ್ಸ್ ಇರೋ ಟೂವೀಲರ್ ಇಂಥಾವಕ್ಕ ಹೆಣ್ಮಕ್ಕಳಿಗಿ ಮತ್ತ ಎಸ್‌ಸಿ ಎಸ್‌ಟಿಯವರಿಗಿ ಶೇಕಡಾ 60, ಉಳಿದವರಿಗಿ ಶೇಕಡಾ 40 ಸಬ್ಸಿಡಿ ಇಟ್ಟಾರ. ಈಗ ಯಾವ ಅರ್ಜಿ ತಗೋತಾರ ಅಂತ ಅಲ್ಲೇ ಕೇಳ್ರಿ. ನಿಮ್ಮ ಗಂಡಸರು ಮೀನ ಹಿಡಿಯೋರಿದ್ರ ಅಪಘಾತ ವಿಮಾಕ್ಕ ಹೆಸರು ಹಚ್ಚಿಸ್ರಿ, ಸತ್ರ ಇಲ್ಲಾ ಪೂರಾ ಅಂಗವಿಕಲ ಆದ್ರ 5 ಲಕ್ಷ ಬರ್ತದ, ಹೊಳಿ ಕೆಲಸದಾಗ ಇದು ಬಿಡಬಾರದು.

ನೆಳ್ಳು, ಸಂಡಾಸು, ಲೈಟು ಇವಕ್ಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕ ಕೇಳಬೇಕು, ಅದು ನಿಮ್ಮ ಎಂಎಲ್‌ಎ ಮೂಲಕ ಹೋಗ್ತದ. ಬರೇ ಬಾಯಿಲೆ ಹೇಳಿದ್ರ ಹೂಂ ಅಂತಾರ, ಮರೀತಾರ. ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭಾ ಆಗಲೇಬೇಕು, ಅವತ್ತು ಮೀನ ಮಾರಲಿಕ್ಕ ಹೋಗಬ್ಯಾಡ್ರಿ, ಎಲ್ಲಾ ಹೆಣ್ಮಕ್ಕಳು ಸಭಾಕ್ಕ ಹೋಗ್ರಿ. ಘಾಟಿನ ಮ್ಯಾಲ ನೆಳ್ಳು, ಬಾಗಲಿಗಿ ಒಳಗಿಂದ ಚಿಲಕ ಇರೋ ಸಂಡಾಸು, ದಾರಿ ತನಕ ಲೈಟು ಅಂತ ಠರಾವಿನ್ಯಾಗ ಬರಸ್ರಿ, ಬರದದ್ದು ಜೋರಾಗಿ ಓದಿಸ್ರಿ, ಆಮ್ಯಾಲ ಸಹಿ ಮಾಡ್ರಿ. ಪ್ರವಾಹದ ನೀರು ಎಲ್ಲಿ ತನಕ ಬರ್ತದ ಅಂತ ನಿಮಗ ಗೊತ್ತದ, ಇಂಜಿನಿಯರಿಗಿ ಗೊತ್ತಿರಂಗಿಲ್ಲ. ಅವರು ಜಾಗ ನೋಡಲಿಕ್ಕ ಬಂದ ದಿನ ಜೋಡಿ ಹೋಗಿ ಅದಕ್ಕಿಂತ ಮ್ಯಾಲಿನ ಜಾಗ ನೀವೇ ತೋರಿಸ್ರಿ.