ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಕಾಡುವ ಸಮಸ್ಯೆ) ಇರುವವರ ಬದುಕಿನಲ್ಲಿ ಬಹುಕಾಲ ಉಳಿಯುವ ಸುಧಾರಣೆ ಸಾಧ್ಯವೇ? ಮಾತ್ರೆಯೊಂದೇ ಸಾಕೇ?

ಸಾಧ್ಯ. ಆದರೆ ಮಾತ್ರೆಯೊಂದನ್ನೇ ನಂಬಿ ಕೂತರೆ ಆಗದು. ಇದಕ್ಕೆ ಸಾಮಾನ್ಯವಾಗಿ ಕೊಡುವ ಔಷಧ ಮೀಥೈಲ್‌ಫೆನಿಡೇಟ್‌ನ ಸಾಧಾರಣ ಗುಳಿಗೆ ಕೆಲಸ ಮಾಡುವುದು ನಾಲ್ಕು ಗಂಟೆಯ ಆಸುಪಾಸು. ಅಷ್ಟು ಹೊತ್ತು ಗಮನ ನಿಲ್ಲುತ್ತದೆ. ಆ ಗಮನವನ್ನು ಎಲ್ಲಿ ಹೂಡಬೇಕೆಂದು ಗುಳಿಗೆ ಹೇಳಿಕೊಡುವುದಿಲ್ಲ.

ಎಡಿಎಚ್‌ಡಿ ಇರುವ 579 ಮಕ್ಕಳಿಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟು ಹೋಲಿಸಿದ, ಉತ್ತರ ಅಮೆರಿಕದಲ್ಲಿ ನಡೆದ ಎಂಟಿಎ ಅಧ್ಯಯನವನ್ನೇ ನೋಡಿ. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 14 ತಿಂಗಳ ಕೊನೆಗೆ, ನಿಗಾ ಇಟ್ಟು ಔಷಧ ಕೊಟ್ಟ ಗುಂಪುಗಳು ಮುಂದಿದ್ದವು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಆ ವ್ಯತ್ಯಾಸ ಅಳಿಸಿಹೋಗಿತ್ತು. ಔಷಧ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಡಿ. ಅಧ್ಯಯನ ಒದಗಿಸಿದ್ದ ನಿಗಾ 14 ತಿಂಗಳಿಗೇ ಮುಗಿದಿತ್ತು.

ಎಡಿಎಚ್‌ಡಿ ಇರುವ ನಮ್ಮಂಥವರಿಗೆ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ, ಮಾಡಬೇಕಾದ ಗಳಿಗೆಯಲ್ಲಿ ಮಾತ್ರ ಅದು ಒದಗುವುದಿಲ್ಲ. ಹಾಗಾಗಿ ನೆರವು ಆ ಗಳಿಗೆಯಲ್ಲಿ, ಆ ಜಾಗದಲ್ಲೇ ಇರಬೇಕು. ಕರೆಂಟ್ ಬಿಲ್ ಸಿಕ್ಕಿದ ದಿನವೇ, ಚಪ್ಪಲಿ ಬಿಡುವ ಮುನ್ನ, ಹೊಸ್ತಿಲಲ್ಲಿ ನಿಂತು ಮೊಬೈಲಿನಲ್ಲಿ ಕಟ್ಟಿಬಿಡುತ್ತೇನೆ. ಒಳಗೆ ಒಯ್ದರೆ ಅದು ಫ್ರಿಜ್ಜಿನ ಮೇಲೆ ಸೇರಿ ತಿಂಗಳು ಕಳೆಯುತ್ತದೆ. ಬೀಗದ ಕೈಗೆ ಬಾಗಿಲ ಪಕ್ಕದ ಮೊಳೆಯೇ ಗತಿ. (ಆ ಮೊಳೆ ಹೊಡೆಯಲು ಎರಡು ವರ್ಷ ಹಿಡಿಯಿತು, ಅದು ಬೇರೆ ಕತೆ.)

ಮೊದಲ ತಿಂಗಳ ಹುರುಪಿನಲ್ಲಿ ಕೊಂಡ ಡೈರಿ ಎರಡನೇ ತಿಂಗಳು ಮೂಲೆ ಸೇರುತ್ತದೆ. ಹೊಸತನ ಮಾಸಿತು, ಅಷ್ಟೇ. ಬೈದುಕೊಳ್ಳದೆ ಗೋಡೆಯ ಕ್ಯಾಲೆಂಡರಿಗೋ ಫೋನಿನ ಅಲಾರಂಗೋ ಬದಲಾಯಿಸಿ. ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳಿ.