ಕೊನೇ ರೇಟು ಅಂದಮೇಲೂ ಕೇಳಬೇಕಾದ್ದು ಇದೆ

ಓದುಗರ ಪ್ರಶ್ನೆ, ಅಂಕಣಗಾರ್ತಿಯ ಉತ್ತರ

(ಈ ಬಾರಿ ಹೊಸ ಕಾರು ಕೊಳ್ಳುವವರ ಕಾಗದಗಳೇ ಜಾಸ್ತಿ ಬಂದಿವೆ. ತುಮಕೂರಿನ ಕಾರ್ ಷೋರೂಮೊಂದರ ಬಿಲ್ಲಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ಕೊಟೇಶನ್ ಬರೆದವಳು ನಾನು. ಗೊತ್ತಿರುವುದನ್ನು ಮುಚ್ಚಿಡದೆ ಹೇಳುತ್ತೇನೆ.)

ನಾನು ಗುಬ್ಬಿ ತಾಲ್ಲೂಕಿನಲ್ಲಿ ಹೈಸ್ಕೂಲ್ ಟೀಚರ್. ತುಮಕೂರಿಗೆ ಹೋಗಿ 1,200 ಸಿಸಿಯ ಒಂದು ಸಣ್ಣ ಪೆಟ್ರೋಲ್ ಕಾರು ನೋಡಿ ಬಂದೆವು. ಎಲ್ಲ ಸೇರಿ ಆನ್‌ರೋಡ್ 10,90,000 ಅಂದರು. 15,000 ಡಿಸ್ಕೌಂಟ್ ಕೊಟ್ಟು, ಇದೇ ಕೊನೇ ರೇಟು, ತಿಂಗಳ ಕೊನೆಯೊಳಗೆ ಬುಕ್ ಮಾಡದಿದ್ದರೆ ಇದೂ ಸಿಗಲ್ಲ ಅಂದರು. ಕೊಟೇಶನ್ ಫೋಟೊ ಕಳಿಸಿದ್ದೇನೆ. ಇನ್ನೊಂದು ಮಾತು. ದುಡ್ಡು ನನ್ನದು, ಸಾಲ ನನ್ನ ಹೆಸರಲ್ಲಿ. ಆದರೂ ಅವರು ಮಾತಾಡಿದ್ದೆಲ್ಲ ನನ್ನ ತಮ್ಮನ ಜೊತೆ. ನನಗೆ ಚೌಕಾಸಿ ಮಾಡೋಕೆ ಬರೋದಿಲ್ಲ. ಏನು ಮಾಡಲಿ ಅಕ್ಕಾ?

ಮೇಡಂ, ಚೌಕಾಸಿ ಬರೋದಿಲ್ಲ ಅಂತ ಹೆದರಬೇಡಿ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಸಾಲು ಸಾಲಿಗೂ ಅಂಕ ಹಾಕುವವರು ನೀವು. ಇಲ್ಲೂ ಮಾಡಬೇಕಾದ್ದು ಅಷ್ಟೇ ಕೆಲಸ.

ನಿಮ್ಮ ಕೊಟೇಶನ್ ನೋಡಿದೆ. ಎಕ್ಸ್ ಷೋರೂಮ್, ಅಂದರೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಸೇರದ ಬರೀ ಕಾರಿನ ಬೆಲೆ, 8,50,000. ಟ್ಯಾಕ್ಸ್ ಮತ್ತು ರಿಜಿಸ್ಟ್ರೇಷನ್ 1,36,000. ಇನ್ಶೂರೆನ್ಸ್ 46,000. ಎಕ್ಸ್‌ಟೆಂಡೆಡ್ ವಾರಂಟಿ 14,000. ಆಕ್ಸೆಸರಿ ಕಿಟ್ 28,000. ಹ್ಯಾಂಡ್ಲಿಂಗ್ 9,500. ಟೆಫ್ಲಾನ್ ಕೋಟಿಂಗ್ 6,500. ಕೂಡಿದರೆ ಸರಿಯಾಗಿ 10,90,000.

ಎಲ್ಲರೂ ಮೊದಲ ಸಾಲಿನ ಮೇಲೇ ಗುದ್ದಾಡುತ್ತಾರೆ. ಎಕ್ಸ್ ಷೋರೂಮ್ ಬೆಲೆ ಕಂಪನಿ ಇಟ್ಟದ್ದು. ಅದರಲ್ಲಿ ಡೀಲರ್ ಬಿಡಬಹುದಾದ್ದು ಸ್ವಲ್ಪ, ಅದನ್ನೂ 'ಡಿಸ್ಕೌಂಟ್' ಅಂತ ದೊಡ್ಡದಾಗಿ ತೋರಿಸಿ ಬಿಡುತ್ತಾರೆ. ಎರಡನೇ ಸಾಲು ಸರ್ಕಾರದ್ದು. ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದೊಳಗಿನ ಕಾರಿಗೆ ಲೈಫ್ ಟ್ಯಾಕ್ಸ್ ನೂರಕ್ಕೆ 14, ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ನಿಮ್ಮ ಕಾರಿಗೆ ಅದು 1,32,090 ಆಗುತ್ತದೆ. ಉಳಿದದ್ದು ರಿಜಿಸ್ಟ್ರೇಷನ್ ಫೀಸು, ಸಣ್ಣಪುಟ್ಟ ಶುಲ್ಕ. ಈ ಸಾಲು ಸರಿಯಾಗೇ ಇದೆ, ಬಿಟ್ಟುಬಿಡಿ. ರಸೀದಿ ಮಾತ್ರ ಕೇಳಿ ಇಸಕೊಳ್ಳಿ.

ಈಗ ಕೆಳಗಿನ ಐದು ಸಾಲಿಗೆ ಬನ್ನಿ. ನಿಮ್ಮ ದುಡ್ಡು ಉಳಿಯುವುದು ಅಲ್ಲಿ.

ಇನ್ಶೂರೆನ್ಸ್ ಷೋರೂಮಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪಾಲಿಸಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ತುಂಬುವುದು) ಕಡ್ಡಾಯ, ಇದು 2018ರ ಸೆಪ್ಟೆಂಬರಿನಿಂದ ಬಂದ ನಿಯಮ. 2022ರಲ್ಲಿ ನಿಗದಿಯಾದ ದರದ ಪ್ರಕಾರ 1,000ದಿಂದ 1,500 ಸಿಸಿ ಕಾರಿಗೆ ಅದು 10,640, ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ಮಾಡಿಸಿದರೂ ಅಷ್ಟೇ. ವ್ಯತ್ಯಾಸ ಬರುವುದು ಸ್ವಂತ ಗಾಡಿಯ ಡ್ಯಾಮೇಜಿಗೆ ಕಟ್ಟುವ ಭಾಗದಲ್ಲಿ. ಷೋರೂಮಿನ ಪಾಲಿಸಿ ಶೀಟನ್ನು ಕೇಳಿ ತೆಗೆದುಕೊಳ್ಳಿ. ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ) ಎಷ್ಟು, ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಕವರ್) ಇದೆಯಾ, ಬೇರೆ ಏನೇನು ಸೇರಿಸಿದ್ದಾರೆ, ಎಲ್ಲ ನೋಡಿ. ಅದೇ ಐಡಿವಿ, ಅದೇ ಕವರ್ ಹೇಳಿ ಹೊರಗೆ ಎರಡು ಕಡೆ ರೇಟು ತರಿಸಿ. ಐಡಿವಿ ಇಳಿಸಿ ಕಡಿಮೆ ರೇಟು ತೋರಿಸುವವರೂ ಇದ್ದಾರೆ, ಅದಕ್ಕೇ ಅದೇ ಐಡಿವಿ ಅಂತ ಒತ್ತಿ ಹೇಳಿದೆ. ನಿಮಗೆ ಹೊರಗೆ 32,000ಕ್ಕೆ ಸಿಕ್ಕಿತು ಅಂದುಕೊಳ್ಳಿ. ಆ ಕಾಗದ ಮೇಜಿನ ಮೇಲೆ ಇಡಿ. ಎಷ್ಟೋ ಸಲ ಷೋರೂಮಿನವರೇ ಆ ರೇಟಿಗೆ ಇಳಿಯುತ್ತಾರೆ. ಆಗ ಅಲ್ಲೇ ಮಾಡಿಸಿ, ಕ್ಲೇಮ್ ಬಂದಾಗ ಓಡಾಟ ಕಡಿಮೆ.

ಹ್ಯಾಂಡ್ಲಿಂಗ್ ಚಾರ್ಜ್ ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಕಾರನ್ನು ಷೋರೂಮಿನ ತನಕ ತಂದ ಖರ್ಚು ಎಕ್ಸ್ ಷೋರೂಮ್ ಬೆಲೆಯಲ್ಲೇ ಸೇರಿರುತ್ತದೆ. "ಈ ಸಾಲು ತೆಗೆಯಿರಿ" ಅಂತ ನೇರವಾಗಿ ಹೇಳಿ. ಕಾರಣ ಕೊಡೋಕೆ ಹೋಗಬೇಡಿ. ನಂಬರ್ ಪ್ಲೇಟಿಗೆ ಅಂತ ಬೇರೆ ಸಾಲು ಬಂದರೂ ಹೀಗೇ ಹೇಳಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಹೈ ಸೆಕ್ಯುರಿಟಿ ಪ್ಲೇಟನ್ನು ಕಂಪನಿಯೇ ಕೊಡಬೇಕು.

ಟೆಫ್ಲಾನ್ ಕೋಟಿಂಗ್ ಬೇಡ ಅನ್ನಿ. ಫ್ಯಾಕ್ಟರಿಯಿಂದ ಹೊಸದಾಗಿ ಬಂದ ಪೇಂಟಿಗೆ ಮೊದಲ ದಿನವೇ ಅದರ ಅಗತ್ಯ ಇಲ್ಲ. ಆಕ್ಸೆಸರಿ ಕಿಟ್ಟಿನಲ್ಲಿ ಏನಿದೆ ಅಂತ ಪಟ್ಟಿ ಕೇಳಿ. ಮ್ಯಾಟ್, ಮಡ್ ಫ್ಲಾಪ್, ಸೀಟ್ ಕವರ್, ಕುಷನ್ನು, ಪರ್ಫ್ಯೂಮು, ಬಾಗಿಲಿಗೆ ಕ್ರೋಮ್ ಪಟ್ಟಿ ಎಲ್ಲ ಇರುತ್ತದೆ. ನಿಮಗೆ ನಿಜವಾಗಿ ಬೇಕಾದ್ದು ಮ್ಯಾಟ್ ಮತ್ತು ಮಡ್ ಫ್ಲಾಪ್. ಸೀಟ್ ಕವರನ್ನು ಆಮೇಲೆ ಊರಲ್ಲೇ ಹೊಲಿಸಿಕೊಳ್ಳಬಹುದು. 28,000ದ ಸಾಲು 6,000ಕ್ಕೆ ಇಳಿಯುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ನಾನು ತೆಗೆಸುವುದಿಲ್ಲ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಕೆಲಸಕ್ಕೆ ಬರುತ್ತದೆ. ಆದರೆ ಕಂಪನಿಯದ್ದೇ ಇರಲಿ, ಡೀಲರ್ ಬೇರೆಯವರಿಂದ ತಂದು ಮಾರುವುದು ಬೇಡ.

ಈಗ ಕೂಡಿ ನೋಡಿ. ಇನ್ಶೂರೆನ್ಸಿನಲ್ಲಿ 14,000, ಹ್ಯಾಂಡ್ಲಿಂಗ್ 9,500, ಕೋಟಿಂಗ್ 6,500, ಕಿಟ್ಟಿನಲ್ಲಿ 22,000. ಒಟ್ಟು 52,000. ಅವರು ಕೊಡುವ 15,000 ಡಿಸ್ಕೌಂಟು ಇದರ ಮೇಲೆ.

ಸೇಲ್ಸ್ ಹುಡುಗ ಕ್ಯಾಲ್ಕುಲೇಟರ್ ಒತ್ತಿ, "ಒಂದು ನಿಮಿಷ ಮೇಡಂ, ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ" ಅಂತ ಗಾಜಿನ ಕ್ಯಾಬಿನ್ನಿಗೆ ಹೋಗುತ್ತಾನೆ. ನಿಮಗೆ ಕಾಫಿ ಬರುತ್ತದೆ. ಅವನು ವಾಪಸ್ ಬಂದು "ಕಷ್ಟಪಟ್ಟು ಐದು ಸಾವಿರ ಮಾಡಿಸಿದೆ" ಅನ್ನುತ್ತಾನೆ. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವನ ಸಂಬಳ ಕಮ್ಮಿ, ತಿಂಗಳಿಗೆ ಇಷ್ಟು ಗಾಡಿ ಅಂತ ಟಾರ್ಗೆಟ್ ಇರುತ್ತದೆ. ಆ ಐದು ಸಾವಿರವನ್ನು ಬರೆಸಿಕೊಳ್ಳಿ, ಎದ್ದು ಬನ್ನಿ. ತಿಂಗಳ ಕೊನೆಯ ಗಡುವು ಅವರ ಟಾರ್ಗೆಟ್ಟಿನದ್ದು. ಇಪ್ಪತ್ತೈದನೇ ತಾರೀಖು ದಾಟಿದ ಮೇಲೆ ಅವರೇ ಫೋನ್ ಮಾಡುತ್ತಾರೆ.

ಇನ್ನು ತಮ್ಮನ ವಿಷಯ. ಓದಿ ನನಗೆ ಬೇಜಾರಾಯಿತು, ಯಾಕೆಂದರೆ ಇದನ್ನು ನಾನು ದಿನಾ ಕಂಡಿದ್ದೇನೆ. ಮುಂದಿನ ಸಲ ಕೊಟೇಶನ್ ನಿಮ್ಮ ಹೆಸರಿಗೆ, ನಿಮ್ಮ ಫೋನ್ ನಂಬರಿಗೆ ಬರೆಸಿ. ತಮ್ಮ ಬರಲಿ, ಆದರೆ ಕೊಟೇಶನ್ನು, ಪೆನ್ನು ನಿಮ್ಮ ಕೈಯಲ್ಲಿರಲಿ. ಅವರು ತಮ್ಮನ ಕಡೆ ತಿರುಗಿ ಲೆಕ್ಕ ಹೇಳಿದರೆ, "ನನಗೆ ಹೇಳಿ, ಚೆಕ್ ಸೈನ್ ಮಾಡೋದು ನಾನು" ಅನ್ನಿ. ಒಂದು ಸಲ ಹೇಳಿದರೆ ಸಾಕು.

ತಿಪಟೂರಿನ ಹತ್ತಿರ ತೋಟ ಇದೆ. ಕೊಬ್ಬರಿ ಮಾರಿದ ದುಡ್ಡಿದೆ. ಪೂರ್ತಿ ಕ್ಯಾಶ್ ಕೊಟ್ಟರೆ ಜಾಸ್ತಿ ಇಳಿಸುತ್ತಾರಾ? ಹಳೇ ಕಾರನ್ನೂ ಅಲ್ಲೇ ಕೊಡುವ ಯೋಚನೆ ಇದೆ.

ಇಲ್ಲ ಯಜಮಾನರೇ. ಸಾಲ ಮಾಡಿಸಿದರೆ ಡೀಲರಿಗೆ ಫೈನಾನ್ಸ್ ಕಂಪನಿಯಿಂದ ಕಮಿಷನ್ ಬರುತ್ತದೆ. ಹಾಗಾಗಿ ಕ್ಯಾಶ್ ಗಿರಾಕಿಗೆ ಅವರು ಜಾಸ್ತಿ ಬಿಡಬೇಕಾದ ಕಾರಣ ಇಲ್ಲ. ಅದೂ ಅಲ್ಲದೆ 2017ರ ಏಪ್ರಿಲ್‌ನಿಂದ ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಬ್ಯಾಂಕಿಗೆ ಹಾಕಿ, ಅಲ್ಲಿಂದ ಷೋರೂಮಿನ ಖಾತೆಗೆ ಕಳಿಸಿ. ಯಾರ ಸ್ವಂತ ಖಾತೆಗೂ, ಫೋನ್ ಪೇ ನಂಬರಿಗೂ ಹಾಕಬೇಡಿ.

ಹಳೇ ಕಾರಿನ ಮಾತು ಮೊದಲೇ ಎತ್ತಬೇಡಿ. ಹೊಸ ಕಾರಿನ ರೇಟು ಮುಗಿದು, ಬರಹದಲ್ಲಿ ಬಂದ ಮೇಲೆ "ಎಕ್ಸ್‌ಚೇಂಜ್ ಇದೆ" ಅನ್ನಿ. ಮೊದಲೇ ಹೇಳಿದರೆ ಹಳೇ ಗಾಡಿಗೆ ಇಪ್ಪತ್ತು ಸಾವಿರ ಏರಿಸಿ, ಹೊಸ ಗಾಡಿಯ ಡಿಸ್ಕೌಂಟಿನಲ್ಲಿ ಅಷ್ಟೇ ಕಳೆದುಬಿಡುತ್ತಾರೆ. ಗಾಡಿಯ ಬೆಲೆ ಬೇರೆ, ಎಕ್ಸ್‌ಚೇಂಜ್ ಬೋನಸ್ ಬೇರೆ. ಎರಡನ್ನೂ ಬೇರೆ ಬೇರೆ ಸಾಲಲ್ಲಿ ಬರೆಸಿ. ಅದಕ್ಕೂ ಮುಂಚೆ ಊರಲ್ಲಿ ಇಬ್ಬರು ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಿಗೆ ತೋರಿಸಿ ಬೆಲೆ ಕೇಳಿಕೊಂಡಿರಿ.

ಹಳೇ ಕಾರಿನ ಇನ್ಶೂರೆನ್ಸಿನಲ್ಲಿ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಇದ್ದರೆ ಅದು ಕಾರಿನ ಜೊತೆ ಹೋಗುವುದಿಲ್ಲ, ನಿಮ್ಮ ಹತ್ತಿರವೇ ಉಳಿಯುತ್ತದೆ. ಐದು ವರ್ಷ ಕ್ಲೇಮ್ ಮಾಡಿಲ್ಲ ಅಂದರೆ 50 ಪರ್ಸೆಂಟ್. ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಲೆಟರ್ ತೆಗೆದುಕೊಂಡು ಹೊಸ ಪಾಲಿಸಿಗೆ ಕೊಡಿ. ಸ್ವಂತ ಡ್ಯಾಮೇಜಿನ ಪ್ರೀಮಿಯಂ ಅರ್ಧ ಆಗುತ್ತದೆ. ಎಷ್ಟು ಜನ ಇದನ್ನು ಕೇಳದೇ ಹೋಗುತ್ತಾರೆ ಗೊತ್ತಾ! ಮತ್ತೆ, ಹಳೇ ಕಾರಿನ ಆರ್‌ಸಿ ಬೇರೆಯವರ ಹೆಸರಿಗೆ ಆಗುವ ತನಕ ಕೇಳುತ್ತಲೇ ಇರಿ. ಆ ಗಾಡಿ ಎಲ್ಲೋ ಗುದ್ದಿದರೆ ನೋಟಿಸು ನಿಮ್ಮ ಮನೆಗೇ ಬರುತ್ತದೆ.

ಶಿರಾದಿಂದ ಬರೆಯುತ್ತಿದ್ದೇನೆ. ಒಂದು ಮಾಡೆಲ್ 9,95,000, ಅದರ ಮೇಲಿನದ್ದು 10,05,000. ಹತ್ತು ಸಾವಿರ ತಾನೇ, ಮೇಲಿನದ್ದೇ ತಗೊಳ್ಳಿ ಅನ್ನುತ್ತಾರೆ. ಸರಿಯಾ?

ಹತ್ತು ಸಾವಿರ ಅಲ್ಲ ಸ್ವಾಮಿ. 10 ಲಕ್ಷ ದಾಟಿದ ತಕ್ಷಣ ಲೈಫ್ ಟ್ಯಾಕ್ಸ್ ನೂರಕ್ಕೆ 14ರಿಂದ 17ಕ್ಕೆ ಏರುತ್ತದೆ, ಅದೂ ಪೂರ್ತಿ ಬೆಲೆಯ ಮೇಲೆ. ಸೆಸ್ ಸೇರಿ 9,95,000ಕ್ಕೆ ಸುಮಾರು 1,54,600. 10,05,000ಕ್ಕೆ ಸುಮಾರು 1,89,600. ತೆರಿಗೆಯಲ್ಲೇ 35,000 ಹೆಚ್ಚು. ಜೊತೆಗೆ 10 ಲಕ್ಷ ಮೀರಿದ ಕಾರಿಗೆ 1 ಪರ್ಸೆಂಟ್ ಟಿಸಿಎಸ್ (ಡೀಲರ್ ನಿಮ್ಮಿಂದ ವಸೂಲಿ ಮಾಡಿ ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಟ್ಟಿಸಿಕೊಳ್ಳುತ್ತಾರೆ. ಅದು ಮಾತ್ರ ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಮೇಲಿನ ಮಾಡೆಲಿನಲ್ಲಿ ಜಾಸ್ತಿ ಇರುವುದು ಅಲಾಯ್ ವೀಲು, ದೊಡ್ಡ ಸ್ಕ್ರೀನು ಅಷ್ಟೇ ಆದರೆ ಕೆಳಗಿನದ್ದೇ ಸಾಕು. ಏರ್‌ಬ್ಯಾಗು ಜಾಸ್ತಿ ಇದ್ದರೆ ಮಾತ್ರ ಯೋಚನೆ ಮಾಡಿ.

ಕುಣಿಗಲ್. ಷೋರೂಮಿನವರು 7 ಪರ್ಸೆಂಟಿಗೆ ಸಾಲ ಕೊಡಿಸುತ್ತಾರೆ. ನಮ್ಮ ಬ್ಯಾಂಕ್ 9 ಅನ್ನುತ್ತದೆ. ಷೋರೂಮಿನದ್ದೇ ಒಳ್ಳೇದಲ್ವಾ?

ಆ 7 ಫ್ಲ್ಯಾಟ್ ರೇಟಾ ಅಂತ ಕೇಳಿ. ಫ್ಲ್ಯಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮೊದಲ ದಿನದ ಪೂರ್ತಿ ಮೊತ್ತದ ಮೇಲೇ. 6 ಲಕ್ಷಕ್ಕೆ ಐದು ವರ್ಷ, 7 ಪರ್ಸೆಂಟ್ ಫ್ಲ್ಯಾಟ್ ಆದರೆ ಬಡ್ಡಿ 2,10,000, ತಿಂಗಳ ಕಂತು 13,500. ಬ್ಯಾಂಕಿನ 9 ಪರ್ಸೆಂಟ್ ಉಳಿದ ಬಾಕಿಯ ಮೇಲೆ. ಕಂತು ಸುಮಾರು 12,455, ಒಟ್ಟು ಬಡ್ಡಿ ಸುಮಾರು 1,47,300. ಬ್ಯಾಂಕಿನಲ್ಲಿ ಮಾಡಿಸಿದರೆ ಸುಮಾರು 62,700 ಉಳಿಯಿತು. ಪರ್ಸೆಂಟ್ ಬಿಡಿ, ಕಂತು ಎಷ್ಟು, ಎಷ್ಟು ತಿಂಗಳು, ಪ್ರೋಸೆಸಿಂಗ್ ಫೀಸ್ ಎಷ್ಟು, ಮುಂಚೆಯೇ ತೀರಿಸಿದರೆ ದಂಡ ಎಷ್ಟು, ಈ ನಾಲ್ಕು ಕೇಳಿ.

ಜಿಎಸ್‌ಟಿ ಇಳಿದದ್ದನ್ನೇ ಷೋರೂಮಿನವರು ತಮ್ಮ ಆಫರ್ ಅಂತ ಹೇಳುತ್ತಿದ್ದಾರೆ. ಒಪ್ಪಬೇಕಾ? – ಮಧುಗಿರಿ

ಒಪ್ಪಬೇಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ತನಕದ ಪೆಟ್ರೋಲ್ ಕಾರಿಗೆ ಮತ್ತು 1,500 ಸಿಸಿ ತನಕದ ಡೀಸೆಲ್ ಕಾರಿಗೆ ಜಿಎಸ್‌ಟಿ 18 ಪರ್ಸೆಂಟ್ ಆಗಿದೆ. ಅದು ಎಲ್ಲರಿಗೂ ಸಿಗುವ ಇಳಿಕೆ, ಎಕ್ಸ್ ಷೋರೂಮ್ ಬೆಲೆಯಲ್ಲೇ ಬಂದಿರುತ್ತದೆ. ಡೀಲರ್ ತನ್ನ ಕಡೆಯಿಂದ ಬಿಡುವುದು ಅದಾದ ಮೇಲೆ.

ಬೆಂಗಳೂರಲ್ಲಿ ಕಡಿಮೆಗೆ ಸಿಗುತ್ತದೆ ಅನ್ನುತ್ತಾರೆ. ಆಷಾಢದಲ್ಲಿ ಆಫರ್ ಇರುತ್ತದಂತೆ, ಆದರೆ ಮನೆಯಲ್ಲಿ ಅಮ್ಮ ಆಷಾಢದಲ್ಲಿ ಗಾಡಿ ಬೇಡ ಅಂತಾರೆ. – ತುಮಕೂರು

ತೆರಿಗೆ ರಾಜ್ಯಕ್ಕೆಲ್ಲ ಒಂದೇ. ಬೆಂಗಳೂರಲ್ಲಿ ಕೊಂಡರೂ ನಿಮ್ಮ ವಿಳಾಸದ ಮೇಲೆ ತುಮಕೂರಿನ ಕೆಎ 06 ನಂಬರ್ ಮಾಡಿಸಬಹುದು. ಅಲ್ಲಿ ಒಂದೇ ಕಂಪನಿಗೆ ಹಲವು ಡೀಲರ್‌ಗಳು, ಪೈಪೋಟಿ ಜಾಸ್ತಿ. ಹೆದ್ದಾರಿಯಲ್ಲಿ 70 ಕಿಲೋಮೀಟರ್. ಹೋಗಿ ಸಾಲು ಸಾಲಾಗಿ ಬಿಡಿಸಿ ಬರೆದ ಒಂದು ಕೊಟೇಶನ್ ತನ್ನಿ. ಅದೇ ಮಾಡೆಲ್, ಅದೇ ಇನ್ಶೂರೆನ್ಸ್ ಕವರ್, ಒಟ್ಟು ಮೊತ್ತ. ಅದನ್ನು ಬಿ.ಎಚ್. ರಸ್ತೆಯ ನಿಮ್ಮ ಷೋರೂಮಿಗೆ ತೋರಿಸಿ. ನಾಲ್ಕೈದು ಸಾವಿರ ವ್ಯತ್ಯಾಸ ಉಳಿದರೆ ಇಲ್ಲೇ ತೆಗೆದುಕೊಳ್ಳಿ. ನಾಳೆ ಸರ್ವೀಸಿಗೆ ಬಿಡುವಾಗ ಪರಿಚಯದವರು ಬೇಕಾಗುತ್ತದೆ.

ಆಷಾಢದಲ್ಲಿ ಗಿರಾಕಿ ಕಮ್ಮಿ, ಅದಕ್ಕೇ ಆಫರ್. ಅಮ್ಮನ ಮಾತನ್ನೂ ಉಳಿಸಬಹುದು. ಆಷಾಢದ ಕೊನೆಯ ವಾರ ಬಿಲ್ ಮಾಡಿಸಿ, ಶ್ರಾವಣದ ಮೊದಲ ವಾರ ಡೆಲಿವರಿ ತೆಗೆದುಕೊಳ್ಳಿ. ಬುಕಿಂಗ್ ದಿನದ ರೇಟು ಲೆಕ್ಕಕ್ಕೆ ಬರುವುದಿಲ್ಲ, ಬಿಲ್ ಆದ ದಿನದ್ದೇ ಬರುತ್ತದೆ. ಆದ್ದರಿಂದ ಬರೀ ಬುಕ್ ಮಾಡಿ ಸುಮ್ನೆ ಕೂತರೆ ಆಫರ್ ಕೈ ತಪ್ಪುತ್ತದೆ. ಇನ್ಶೂರೆನ್ಸ್ ಮತ್ತು ಸಾಲದ ಬಡ್ಡಿ ಮುಂಚೆಯೇ ಶುರುವಾಗುತ್ತವೆ, ಅದಕ್ಕೇ ಒಂದು ವಾರಕ್ಕಿಂತ ಜಾಸ್ತಿ ಅಂತರ ಬೇಡ.

ಪೂರ್ತಿ ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು? – ಕೊರಟಗೆರೆ

ರಿಜಿಸ್ಟ್ರೇಷನ್ ಆಗುವ ಮುಂಚೆಯೇ ಸ್ಟಾಕ್‌ಯಾರ್ಡಿಗೆ ಹೋಗಿ, ಹಗಲು ಬೆಳಕಲ್ಲಿ ಕಾರು ನೋಡಿ. ನಂಬರ್ ಬಿದ್ದ ಮೇಲೆ ಬೇರೆ ಗಾಡಿ ಕೊಡಿ ಅನ್ನೋಕೆ ಆಗುವುದಿಲ್ಲ. ಚಾಸಿಸ್ ನಂಬರ್ ಬರೆದುಕೊಳ್ಳಿ, ಬಿಲ್ಲಿನಲ್ಲಿ ಅದೇ ಇರಬೇಕು. ತಯಾರಾದ ತಿಂಗಳು, ವರ್ಷ ಸೇಲ್ ಸರ್ಟಿಫಿಕೇಟಿನಲ್ಲಿ, ಅಂದರೆ ಫಾರ್ಮ್ 21ರಲ್ಲಿ ಬರುತ್ತದೆ, ಮೊದಲೇ ಕೇಳಿ. ಟಯರ್ ಮೇಲೆ ನಾಲ್ಕು ಅಂಕಿ ಇರುತ್ತದೆ. 3225 ಅಂದರೆ 2025ರ 32ನೇ ವಾರ. ಟಯರು ಕಾರಿಗಿಂತ ಸ್ವಲ್ಪ ಹಳೆಯದಿರುವುದು ಸಹಜ, ವರ್ಷ ಹಳೆಯದಾದರೆ ಕಾರಣ ಕೇಳಿ. ಜನವರಿಯಲ್ಲಿ ಹಿಂದಿನ ವರ್ಷದ ಗಾಡಿ ಕೊಡುತ್ತಿದ್ದರೆ ಅದಕ್ಕೆ ಅಂತಲೇ ಬೇರೆ ಡಿಸ್ಕೌಂಟ್ ಸಿಗಬೇಕು, ಮಾರುವಾಗ ನಿಮಗೆ ಒಂದು ವರ್ಷದ ಬೆಲೆ ಕಡಿಮೆ ಬರುತ್ತದೆ. ಬುಕಿಂಗ್ ಅಡ್ವಾನ್ಸ್ ಐದು ಸಾವಿರಕ್ಕಿಂತ ಜಾಸ್ತಿ ಕೊಡಬೇಡಿ. ಕ್ಯಾನ್ಸಲ್ ಮಾಡಿದರೆ ಎಷ್ಟು ದಿನದಲ್ಲಿ ವಾಪಸ್ ಅಂತ ರಸೀದಿಯಲ್ಲೇ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ.